ಹಾಲಿನ ಪುಸ್ತಕದಷ್ಟಾದರೂ ಬರೆಯೋಣ

ನಮ್ಮ ತುಮಕೂರು ಸೀಮೆಯ ಒಂದು ಊರಲ್ಲಿ ಒಬ್ಬರು ನೀರಗಂಟಿ ಅಜ್ಜ ಇದ್ದರು. ಕೆರೆಯ ತೂಬು ಎತ್ತಿ, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿ ಪ್ರಕಾರ ನೀರು ಹಾಯಿಸುವುದು ಅವರ ಮನೆತನದ ಕೆಲಸ. ಅದಕ್ಕೆ ಸುಗ್ಗಿಯಲ್ಲಿ ಕಣದಲ್ಲೇ ಇಂತಿಷ್ಟು ಅಂತ ಭತ್ತ ಸಿಗುತ್ತಿತ್ತು. ಬೋರ್‌ವೆಲ್ ಬಂದವು, ಕೆರೆ ತುಂಬುವುದು ಅಪರೂಪವಾಯಿತು, ಕೆಲಸ ತಾನಾಗಿಯೇ ನಿಂತಿತು. ಪದವಿ ಮುಗಿಸಿದ ಹೊಸದರಲ್ಲಿ ನಾವಿಬ್ಬರು ಅವರ ಮನೆ ಜಗುಲಿ ಮೇಲೆ ಒಂದು ಮಧ್ಯಾಹ್ನ ಪೂರ್ತಿ ಕೂತಿದ್ದೆವು. ಎರಡು ಗಂಟೆಗೂ ಹೆಚ್ಚು ಮಾತು ಮೊಬೈಲ್‌ನಲ್ಲಿ ರೆಕಾರ್ಡ್ ಆಯಿತು. ಕೆರೆ ಅರ್ಧವೇ ತುಂಬಿದ ವರ್ಷ ಯಾರ ಗದ್ದೆಗೆ ಎಷ್ಟು ನೀರು, ಯಾರು ಭತ್ತ ಬಿಟ್ಟು ರಾಗಿ ಹಾಕಬೇಕು, ರಾತ್ರಿ ಹೊತ್ತು ಕಾಲುವೆ ನೀರನ್ನು ಕದ್ದು ತಿರುಗಿಸಿಕೊಂಡವರಿಗೆ ಊರು ಏನು ದಂಡ ಹಾಕುತ್ತಿತ್ತು, ಎಲ್ಲ ಹೇಳಿದರು. ಹೊರಡುವಾಗ, "ಬರ್ಕಂಡೇನ್ ಮಾಡ್ತೀರ ಸೋಮಿ, ನೀರೇ ಇಲ್ಲ" ಅಂತ ನಕ್ಕರು.

ನಾವು ಬರೆದುಕೊಳ್ಳಲೂ ಇಲ್ಲ. ಅದನ್ನು ಸಾಮಾನ್ಯ ವರದಿ ಮಾಡಬಾರದು, ದೊಡ್ಡ ಲೇಖನ ಮಾಡಬೇಕು ಅಂತ ಆಸೆ ಇತ್ತು. ಮೊದಲ ಪ್ಯಾರಾ ಬರೆದೆವು, ಸಪ್ಪೆ ಅನ್ನಿಸಿತು. ಕೆರೆ ಏರಿ ಮೇಲಿನ ಸೂರ್ಯಾಸ್ತದಿಂದ ಶುರು ಮಾಡಿದೆವು, ಸಿನಿಮಾ ಥರ ಆಯಿತು. ಅಜ್ಜನ ಅಂಗೈಯಿಂದ ಶುರು ಮಾಡಿದೆವು, ಯಾರೋ ಬರೆದದ್ದನ್ನು ಓದಿದ ಹಾಗಿತ್ತು. ಹೀಗೆ ಒಂಬತ್ತು ಸಲ ಪೀಠಿಕೆ ತಿದ್ದಿದೆವು. ನಡುವೆ ಒಬ್ಬರಿಗೆ ಕೆಲಸ ಸಿಕ್ಕಿತು, ಇನ್ನೊಬ್ಬರ ಮನೆಯಲ್ಲಿ ಮದುವೆ ಬಂತು. ಎರಡು ವರ್ಷ ಕಳೆಯುವುದರೊಳಗೆ ಅಜ್ಜ ತೀರಿಕೊಂಡರು. ರೆಕಾರ್ಡ್ ಇದ್ದ ಮೊಬೈಲ್ ಅಷ್ಟರಲ್ಲಿ ಕೆಟ್ಟು, ರಿಪೇರಿ ಅಂಗಡಿಯವನು ಒಳಗಿರುವುದು ಸಿಗಲ್ಲ ಅಂದಿದ್ದ. ಈಗ ನಮ್ಮ ಹತ್ತಿರ ಉಳಿದಿರುವುದು ಒಂದೂವರೆ ಪುಟದ ಟಿಪ್ಪಣಿ ಮತ್ತು ಒಂಬತ್ತು ಪೀಠಿಕೆ.

ಇದನ್ನು ಮೊದಲಿಗೇ ಹೇಳಲು ಕಾರಣವಿದೆ. ಬರೆಯುವ ಅಭ್ಯಾಸ ತಪ್ಪಿಹೋಗುವುದನ್ನು ನಾವು ಸಾಮಾನ್ಯವಾಗಿ ನಮ್ಮ ಸ್ವಂತ ನಷ್ಟ ಅಂತ ತಿಳಿದುಕೊಳ್ಳುತ್ತೇವೆ. 'ನನ್ನ ಪ್ರತಿಭೆ ತುಕ್ಕು ಹಿಡೀತಿದೆ' ಅಂತ ಬೇಜಾರು ಮಾಡಿಕೊಳ್ಳುತ್ತೇವೆ. ಹಳ್ಳಿಯಿಂದ ಬಂದು ಪತ್ರಿಕೋದ್ಯಮ ಓದಿದವರ ವಿಷಯದಲ್ಲಿ ಅದು ಅಷ್ಟಕ್ಕೇ ನಿಲ್ಲುವುದಿಲ್ಲ. ನಾವು ಬರೆಯದೆ ಬಿಟ್ಟರೆ ಆ ಊರಿನ ಸಂಗತಿಯನ್ನು ಬರೆಯಲು ಇನ್ನೊಬ್ಬರು ಬರುವುದಿಲ್ಲ. ನಷ್ಟ ಆಗುವುದು ಊರಿಗೆ.

ಹಾಗಾದರೆ ನಾವೇಕೆ ಬರೆಯುತ್ತಿಲ್ಲ?

ಸಮಯವಿಲ್ಲ ಅನ್ನುವುದು ಮೊದಲ ಉತ್ತರ. ಅದನ್ನು ನೆಪ ಅಂತ ತಳ್ಳಿಹಾಕುವವರ ಜೊತೆ ನಾವಿಲ್ಲ. ನಮ್ಮಲ್ಲೊಬ್ಬ ಪತ್ರಿಕೆಯ ಡೆಸ್ಕ್‌ನಲ್ಲಿದ್ದಾನೆ. ದಿನವೂ ಬೇರೆಯವರ ಸುದ್ದಿ ತಿದ್ದಿ, ಕೊನೆಯ ಪುಟ ಕಳಿಸಿ, ರೂಮು ಸೇರುವಾಗ ರಾತ್ರಿ ಒಂದೂವರೆ. ಆಮೇಲೆ ಇನ್ನೊಂದು ಅಕ್ಷರ ನೋಡಲೂ ಕಣ್ಣು ಒಪ್ಪುವುದಿಲ್ಲ. ಇನ್ನೊಬ್ಬ ಅತಿಥಿ ಉಪನ್ಯಾಸಕ. ಎರಡು ಕಾಲೇಜು, ನಡುವೆ ಬಸ್ಸು, ಗೌರವಧನ ಯಾವ ತಿಂಗಳು ಬರುತ್ತದೋ ಅನ್ನುವ ಲೆಕ್ಕ. ಒಬ್ಬಳು ಮದುವೆಯಾಗಿ ಅವಿಭಕ್ತ ಕುಟುಂಬಕ್ಕೆ ಹೋಗಿದ್ದಾಳೆ. ಬೆಳಿಗ್ಗೆ ಐದಕ್ಕೆ ಎದ್ದರೆ ಹಸು, ಹಾಲು, ಮಗು, ಅಡುಗೆ, ಅತ್ತೆಯವರ ಬಿಪಿ ಮಾತ್ರೆ. ಎಲ್ಲ ಮುಗಿಸಿ ಕೂತರೆ ಮತ್ತೆ ಸಂಜೆ ಹಾಲು ಕರೆಯುವ ಹೊತ್ತು. ಅವಳು ಪುಸ್ತಕ ಹಿಡಿದರೆ 'ಪರೀಕ್ಷೆ ಇದೆಯಾ ಈಗ?' ಅಂತ ಯಾರಾದರೂ ಕೇಳುತ್ತಾರೆ. ಗಂಡು ಬರೆಯಲು ಕೂತರೆ ಮನೆ ಸದ್ದು ಕಡಿಮೆ ಮಾಡುತ್ತದೆ, ಹೆಣ್ಣು ಕೂತರೆ ಕೂಗಿ ಕರೆಯುತ್ತದೆ. ಇದನ್ನು ಹೇಳದೆ 'ಮನಸ್ಸಿದ್ದರೆ ಮಾರ್ಗ' ಅಂದುಬಿಡುವುದು ಅನ್ಯಾಯ.

ಆದರೆ ಸಮಯ ಸಿಕ್ಕಾಗಲೂ ನಾವು ಬರೆಯಲಿಲ್ಲ ಅನ್ನುವುದೂ ನಿಜ. ಕೆಲಸ ಬಿಟ್ಟು ಮನೆಯಲ್ಲಿ ಕೂತ ತಿಂಗಳುಗಳಿದ್ದವು, ಮಳೆಗಾಲದ ರಜೆಗಳಿದ್ದವು. ಆಗ ರೀಲ್ಸ್ ನೋಡಿದೆವು. ಅಂದರೆ ತಡೆ ಇನ್ನೊಂದಿದೆ. ಅದರ ಹೆಸರು ಪರ್ಫೆಕ್ಷನ್. ಅದು ಅಹಂಕಾರದ ವೇಷದಲ್ಲಿ ಬರುತ್ತದೆ, ಒಳಗೆ ನೋಡಿದರೆ ಹೆದರಿಕೆ.

ಈ ಹೆದರಿಕೆ ಎಲ್ಲಿಂದ ಬಂತು ಅಂತ ನಾವು ಕೂತು ಮಾತಾಡಿದ್ದೇವೆ. ಬೇರು ಬಹಳ ಹಿಂದಿದೆ. ತರಗತಿಯ ಮೊದಲ ವಾರ ನಮ್ಮ ಗೆಳೆಯನೊಬ್ಬ ಪತ್ರಿಕೆ ಓದುವಾಗ 'ಹಕ್ಕಿ' ಅನ್ನುವುದನ್ನು 'ಅಕ್ಕಿ' ಅಂತ ಓದಿದ. ಇಡೀ ಕ್ಲಾಸು ನಕ್ಕಿತು, ನಾವೂ ನಕ್ಕೆವು. ಅವನ ಊರಲ್ಲಿ ಎಲ್ಲರೂ ಹಾಗೇ ಮಾತಾಡುವುದು. ಅವತ್ತಿನಿಂದ ಅವನು ಒಂದು ವಾಕ್ಯ ಬರೆದರೆ ಅಲ್ಪಪ್ರಾಣವೋ ಮಹಾಪ್ರಾಣವೋ, ಎಲ್ಲಿ ಹ, ಎಲ್ಲಿ ಅ ಅಂತ ನಾಲ್ಕು ಸಲ ನೋಡುತ್ತಾನೆ. ಐದನೇ ಸಲ ಅಳಿಸುತ್ತಾನೆ. ಕುರಿ ಸಂತೆಯ ಬಗ್ಗೆ ಅವನಿಗೆ ಗೊತ್ತಿರುವಷ್ಟು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಮರಿಯ ಬಾಯಿ ತೆರೆದು ಹಾಲುಹಲ್ಲೋ ಎರಡು ಹಲ್ಲೋ ಅಂತ ನೋಡಿ ವಯಸ್ಸು ಹೇಳುತ್ತಾನೆ, ಟವೆಲ್ ಕೆಳಗೆ ಬೆರಳು ಹಿಡಿದು ದರ ಕುದುರಿಸುವುದನ್ನು ದೂರದಿಂದಲೇ ಅಂದಾಜು ಮಾಡುತ್ತಾನೆ. ಇವತ್ತಿನವರೆಗೆ ಆ ಸಂತೆಯ ಬಗ್ಗೆ ಒಂದು ಸಾಲು ಬರೆದಿಲ್ಲ. ಕೇಳಿದರೆ, 'ನನ್ನ ಭಾಷೆ ಸರಿ ಇಲ್ಲ' ಅನ್ನುತ್ತಾನೆ.

ಭಾಷೆ ಸರಿಯಾಗಲಿ ಅಂತ ಕಾದವರಿಂದ ಪತ್ರಿಕೆಗಳು ಹುಟ್ಟಲಿಲ್ಲ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಹೊರಬಂತು. ಕಲ್ಲಚ್ಚಿನಲ್ಲಿ, ಹದಿನೈದು ದಿನಕ್ಕೊಮ್ಮೆ. ಅದನ್ನು ನಡೆಸಿದ ಹರ್ಮನ್ ಮೋಗ್ಲಿಂಗ್ ಜರ್ಮನಿಯವರು. ಕನ್ನಡ ಅವರ ತಾಯಿನುಡಿಯಲ್ಲ, ಕಲಿತು ಬರೆದ ಭಾಷೆ. ಆ ದಿನವನ್ನೇ ನಾವು ಈಗ ಪತ್ರಿಕಾ ದಿನ ಅಂತ ಆಚರಿಸುತ್ತೇವೆ, ಶಾಲು ಹೊದಿಸುತ್ತೇವೆ. ಕಲಿತ ಕನ್ನಡದಲ್ಲಿ ಪತ್ರಿಕೆ ಶುರುವಾಗಬಹುದಾದರೆ ಹುಟ್ಟಿದ ಕನ್ನಡದಲ್ಲಿ ಒಂದು ಟಿಪ್ಪಣಿ ಬರೆಯಲು ನಮಗೇಕೆ ನಾಚಿಕೆ? ಉತ್ತರಪ್ರದೇಶದ ಚಿತ್ರಕೂಟದಲ್ಲಿ 2002ರಲ್ಲಿ ಹಳ್ಳಿಯ ಹೆಣ್ಣುಮಕ್ಕಳು ಸೇರಿ 'ಖಬರ್ ಲಹರಿಯಾ' ಶುರು ಮಾಡಿದಾಗ ಪುಸ್ತಕದ ಹಿಂದಿಗಾಗಿ ಕಾಯಲಿಲ್ಲ. ತಮ್ಮ ಮನೆಮಾತು ಬುಂದೇಲಿಯಲ್ಲೇ ಬರೆದರು.

ಇನ್ನೊಂದು ಬೇರು ನಮ್ಮ ಓದಿನಲ್ಲಿದೆ. ಕಾಲೇಜಿನಲ್ಲಿ ಲಂಕೇಶರನ್ನು ಓದಿದೆವು, ಪಿ. ಸಾಯಿನಾಥರನ್ನು ಓದಿದೆವು. ಓದಿದ್ದು ಒಳ್ಳೆಯದೇ ಆಯಿತು. ತಪ್ಪು ಮಾಡಿದ್ದು ಆಮೇಲೆ. ಅವರ ಅತ್ಯುತ್ತಮ ಪುಟವನ್ನು ನಮ್ಮ ಮೊದಲ ಸಾಲಿನ ಪಕ್ಕ ಇಟ್ಟು ಅಳೆದೆವು. ಅವರು ಹೇಗೆ ಬರೆದರು ಅನ್ನುವುದನ್ನು ನೋಡಲಿಲ್ಲ. 1980ರಲ್ಲಿ ಶುರುವಾದ 'ಲಂಕೇಶ್ ಪತ್ರಿಕೆ' ವಾರಪತ್ರಿಕೆ. ವಾರ ಬಂತೆಂದರೆ ಬರೆಯಲೇಬೇಕು, ಚೆನ್ನಾಗಿ ಬಂದರೂ ಬಾರದಿದ್ದರೂ ಪುಟ ಅಚ್ಚಿಗೆ ಹೋಗಲೇಬೇಕು. ಸಾಯಿನಾಥರ 'ಎವೆರಿಬಡಿ ಲವ್ಸ್ ಎ ಗುಡ್ ಡ್ರಾಟ್' 1996ರಲ್ಲಿ ಪುಸ್ತಕವಾಗುವ ಮೊದಲು ಅದರ ವರದಿಗಳು ದಿನಪತ್ರಿಕೆಯಲ್ಲಿ ಒಂದೊಂದಾಗಿ ಬಂದಿದ್ದವು. ನಾವು ಕಣದಲ್ಲಿ ರಾಶಿಯಾದ ಕಾಳು ನೋಡಿದೆವು, ದಿನದಿನದ ಬೇಸಾಯ ನೋಡಲಿಲ್ಲ.

ಇಷ್ಟು ದೂರ ಹೋಗುವುದೇ ಬೇಡ. ನಮ್ಮ ತಾಲ್ಲೂಕು ವರದಿಗಾರರನ್ನು ನೋಡಿ. ಬೆಳಿಗ್ಗೆ ಎಪಿಎಂಸಿ, ಮಧ್ಯಾಹ್ನ ತಾಲ್ಲೂಕು ಕಚೇರಿ ಮುಂದೆ ಪ್ರತಿಭಟನೆ, ನಡುವೆ ಒಂದು ಅಪಘಾತ. ಸಂಜೆಯೊಳಗೆ ಬೈಕ್ ಮೇಲೆ ಕೂತೇ ಮೊಬೈಲ್‌ನಲ್ಲಿ ಟೈಪ್ ಮಾಡಿ ಮೂರು ಸುದ್ದಿ ಕಳಿಸುತ್ತಾರೆ. ಅವರ ವಾಕ್ಯಗಳನ್ನು ನಾವು ಎಷ್ಟೋ ಸಲ ಹಾಸ್ಯ ಮಾಡಿದ್ದೇವೆ. ಆದರೆ ಹತ್ತು ವರ್ಷದ ಹಿಂದೆ ನಮ್ಮೂರ ಕೆರೆ ಕೋಡಿ ಬಿದ್ದದ್ದು ಯಾವತ್ತು ಅಂತ ತಿಳಿಯಬೇಕಾದರೆ ಅವರು ಕಳಿಸಿದ ನಾಲ್ಕು ಸಾಲಿನ ಸುದ್ದಿಯನ್ನೇ ಹುಡುಕಬೇಕು. ನಮ್ಮ ಒಂಬತ್ತು ಪೀಠಿಕೆಯಲ್ಲಿ ಅದಿಲ್ಲ.

ಇಲ್ಲಿಗೆ ಬಂದಾಗ ಒಬ್ಬರು ಕೇಳಿದರು: ಹಾಗಾದರೆ ಹೇಗೆ ಬೇಕಾದರೂ ಗೀಚಬಹುದು ಅಂತಲಾ? ವಾಟ್ಸಾಪ್ ತುಂಬ ಈಗಾಗಲೇ ಕಸ ಇಲ್ಲವಾ?

ಒಳ್ಳೆಯ ಪ್ರಶ್ನೆ. ನಾವು ಎರಡು ಕಾಳಜಿಯನ್ನು ಒಂದೇ ಅಂದುಕೊಂಡಿದ್ದೆವು. ವಾಕ್ಯ ಚೆನ್ನಾಗಿರಬೇಕು ಅನ್ನುವುದು ಒಂದು. ಸಂಗತಿ ಸರಿಯಾಗಿರಬೇಕು ಅನ್ನುವುದು ಇನ್ನೊಂದು. ಎರಡನೆಯದರಲ್ಲಿ ರಾಜಿ ಇಲ್ಲ. ಹೆಸರು, ತಾರೀಖು, ಸರ್ವೆ ನಂಬರ್, ಎಷ್ಟು ಗುಂಟೆ, ಎಷ್ಟು ರೂಪಾಯಿ, ಯಾರು ಹೇಳಿದ್ದು, ಯಾರ ಎದುರು ಹೇಳಿದ್ದು. ಇವು ತಪ್ಪಿದರೆ ಒಬ್ಬರ ಮಾನ ಹೋಗುತ್ತದೆ, ಇನ್ನೊಬ್ಬರ ಜಮೀನು ಹೋಗುತ್ತದೆ. ವಾಕ್ಯ ಕುಂಟಿದರೆ ಯಾರಿಗೂ ಏನೂ ಆಗುವುದಿಲ್ಲ, ನಾಳೆ ಸರಿ ಮಾಡಬಹುದು. ನಮ್ಮ ಪರ್ಫೆಕ್ಷನ್ ಹುಚ್ಚು ತಮಾಷೆಯದ್ದು. ಅದು ಸುಲಭವಾಗಿ ತಿದ್ದಬಹುದಾದ ಕಡೆಯೇ ಪಟ್ಟು ಹಿಡಿದು ಕೂತಿತ್ತು. ಅಜ್ಜನ ಬಗ್ಗೆ ಒಂಬತ್ತು ಪೀಠಿಕೆ ಬರೆದವರು ಅವರ ಕೆರೆ ಕೊನೆಯ ಸಲ ತುಂಬಿದ್ದು ಯಾವ ವರ್ಷ ಅಂತ ತಿರುಗಿ ಹೋಗಿ ಕೇಳಲಿಲ್ಲ. ಅವರು ಹೇಳಿದ ದಂಡದ ಲೆಕ್ಕವನ್ನು ಊರಿನ ಇನ್ನೊಬ್ಬ ಹಿರಿಯರ ಹತ್ತಿರ ಕೇಳಿ ತಾಳೆ ನೋಡಲಿಲ್ಲ. ನಿಜವಾದ ಶ್ರದ್ಧೆ ಇದ್ದಿದ್ದರೆ ಆ ಊರಿಗೆ ಇನ್ನೆರಡು ಸಲ ಬಸ್ಸು ಹತ್ತುತ್ತಿದ್ದೆವು.

ಬರೆಯುವುದು ಬೇರೆ, ಪ್ರಕಟಿಸುವುದು ಬೇರೆ ಅನ್ನುವುದನ್ನೂ ಮರೆತಿದ್ದೆವು. ದಿನವೂ ಬರೆದದ್ದನ್ನೆಲ್ಲ ಲೋಕಕ್ಕೆ ಹಂಚಬೇಕಾಗಿಲ್ಲ. ಹಂಚುವ ಮೊದಲು ಎಷ್ಟು ಬೇಕಾದರೂ ಪರೀಕ್ಷಿಸೋಣ. ಆದರೆ ಪರೀಕ್ಷಿಸಲು ಮೊದಲು ಏನಾದರೂ ಬರೆದಿಟ್ಟಿರಬೇಕಲ್ಲ.

ಇದು ನಮಗೆ ಅರ್ಥವಾದದ್ದು ಅದೇ ಐದಕ್ಕೆ ಏಳುವ ಗೆಳತಿಯಿಂದ. ಮೂರು ವರ್ಷದಿಂದ ಒಂದಕ್ಷರ ಬರೆದಿಲ್ಲ ಅಂತ ಅವಳು ನಮ್ಮ ಹತ್ತಿರ ಅತ್ತಿದ್ದಳು. ಈಗ ಪಂಚಾಯ್ತಿಯಲ್ಲಿ ನಲ್ಲಿಗೆ ನೀರು ಬಿಡುವವರನ್ನೂ ನಮ್ಮ ಕಡೆ ನೀರಗಂಟಿ ಅಂತಲೇ ಕರೆಯುವುದು. ಅವಳ ಬೀದಿ ಸ್ವಲ್ಪ ಎತ್ತರದಲ್ಲಿದೆ. ಜಲಜೀವನ್ ನಲ್ಲಿ ಬಂದಿದೆ, ಮೀಟರೂ ಇದೆ, ನೀರು ಮಾತ್ರ ಅದರ ಇಷ್ಟ ಬಂದಾಗ. ಯಾವಾಗ ಬರುತ್ತದೆ ಅಂತ ಗೊತ್ತಾದರೆ ಬಟ್ಟೆ ಒಗೆಯುವ ದಿನ ಇಟ್ಟುಕೊಳ್ಳಬಹುದು ಅಂತ ಅವಳು ಸೊಸೈಟಿಯವರು ಕೊಟ್ಟ ಹಳೇ ಡೈರಿಯಲ್ಲಿ ಗುರುತು ಹಾಕತೊಡಗಿದಳು. 'ಮಾ. 4. ಬಂತು. ಬೆಳಗಿನ ಜಾವ 4.10. ಹನ್ನೊಂದು ಕೊಡ.' 'ಮಾ. 5. ಇಲ್ಲ.' 'ಮಾ. 6. ಇಲ್ಲ. ಕೆಳಗಿನ ಬೀದಿಗೆ ಬಂದಿದೆಯಂತೆ, ನಾನು ನೋಡಿಲ್ಲ.' ಮಾರ್ಚ್, ಏಪ್ರಿಲ್, ಮೇ, ಹೀಗೇ.

ಜೂನ್‌ನ ಗ್ರಾಮಸಭೆಯಲ್ಲಿ ನೀರಿನ ಮಾತು ಬಂತು. ಎಲ್ಲ ಬೀದಿಗೂ ದಿನ ಬಿಟ್ಟು ದಿನ ಕೊಡುತ್ತಿದ್ದೇವೆ ಅಂತ ವೇದಿಕೆಯಿಂದ ಉತ್ತರ ಬಂತು. ಜನ ಕೂಗಿದರು, ವೇದಿಕೆಯವರೂ ಕೂಗಿದರು. ಅವಳು ಮಗುವನ್ನು ಸೊಂಟದಲ್ಲಿಟ್ಟುಕೊಂಡೇ ಎದ್ದು ನಿಂತು ಡೈರಿ ಓದಿದಳು. ಮೂರು ತಿಂಗಳು, ತೊಂಬತ್ತೆರಡು ದಿನ. ನೀರು ಬಂದದ್ದು 23 ದಿನ. ಗಂಟೆ ಇಷ್ಟು, ಕೊಡ ಇಷ್ಟು. ಸಭೆ ಸ್ವಲ್ಪ ಹೊತ್ತು ಸುಮ್ಮನಾಯಿತು. ತಲೆಗೆ ದಿನಕ್ಕೆ 55 ಲೀಟರ್ ಅಂತ ಯೋಜನೆಯಲ್ಲೇ ಇದೆಯಲ್ಲ ಅಂತ ಯಾರೋ ಹಿಂದಿನಿಂದ ಸೇರಿಸಿದರು. ಕೊನೆಗೆ ಆ ಬೀದಿಗೆ ನಾಲ್ಕು ದಿನಕ್ಕೊಮ್ಮೆ ಮಾತ್ರ ನೀರು ಬರುತ್ತಿದೆ ಅನ್ನುವುದು ನಡಾವಳಿ ಪುಸ್ತಕದಲ್ಲಿ ದಾಖಲಾಯಿತು. ಸ್ವಲ್ಪ ದಿನದ ಮೇಲೆ ಮೇಲಿನ ಬೀದಿಗೆ ಬೇರೆ ವಾಲ್ವ್ ಕೂರಿಸಿದರು.

ಕ್ರಾಂತಿಯೇನೂ ಆಗಲಿಲ್ಲ. ನೀರು ಇವತ್ತಿಗೂ ಸಾಲುವುದಿಲ್ಲ. ಆದರೆ ನಮ್ಮೆಲ್ಲರಲ್ಲಿ ಆ ವರ್ಷ ನಿಜವಾದ ವರದಿಗಾರಿಕೆ ಮಾಡಿದ್ದು ಅವಳೊಬ್ಬಳೇ. ಅವಳ ಬರಹದಲ್ಲಿ ಪೀಠಿಕೆ ಇರಲಿಲ್ಲ, ಉಪಮೆ ಇರಲಿಲ್ಲ, ಎಷ್ಟೋ ಕಡೆ ಕ್ರಿಯಾಪದವೇ ಇರಲಿಲ್ಲ. 'ನಾನು ನೋಡಿಲ್ಲ' ಅಂತ ಬರೆಯುವ ಪ್ರಾಮಾಣಿಕತೆ ಇತ್ತು. ಅದನ್ನು ಅವಳು ಬರಹ ಅಂತ ಲೆಕ್ಕಕ್ಕೇ ಇಟ್ಟಿರಲಿಲ್ಲ, ಅಷ್ಟೇ.

ಅವಳನ್ನು ಕೇಳಿದೆವು, ಇಷ್ಟೆಲ್ಲ ಕೆಲಸದ ನಡುವೆ ದಿನಾ ಹೇಗೆ ಬರೆದೆ ಅಂತ. 'ಹಾಲಿನ ಪುಸ್ತಕ ಬರೆಯಲ್ವಾ, ಹಂಗೆ' ಅಂದಳು.

ನಮ್ಮಲ್ಲಿ ಬಹಳ ಜನ ಹಾಲಿನ ಡೈರಿಗೆ ಕ್ಯಾನು ಹೊತ್ತು ಬೆಳೆದವರು. ಈಗ ಚೀಟಿ ಬರುತ್ತದೆ, ಮೊದಲು ಪುಸ್ತಕ ಇರುತ್ತಿತ್ತು. ತಾರೀಖು, ಬೆಳಿಗ್ಗೆ ಎಷ್ಟು ಲೀಟರ್, ಸಂಜೆ ಎಷ್ಟು, ಫ್ಯಾಟ್ ಎಷ್ಟು. ಹಸು ಎಂಟು ಲೀಟರ್ ಕೊಟ್ಟ ದಿನವೂ ಒಂದೇ ಸಾಲು, ಒಂದೂವರೆ ಲೀಟರ್‌ಗೆ ಇಳಿದ ದಿನವೂ ಒಂದೇ ಸಾಲು. ಹಾಲು ಕಡಿಮೆಯಾಯಿತು ಅಂತ ನಾಚಿಕೊಂಡು ಯಾರೂ ಪುಸ್ತಕ ಮನೆಯಲ್ಲಿ ಬಿಟ್ಟು ಹೋಗುವುದಿಲ್ಲ. ಹಾಕದೆ ಇದ್ದ ದಿನ ಖಾಲಿ ಇರುತ್ತದೆ, ಮಾರನೇ ದಿನ ಮುಂದಿನ ಸಾಲಿನಿಂದ ಶುರು. ತಿಂಗಳ ಕೊನೆಗೆ ನೋಡಿದರೆ ಬಟವಾಡೆಗೆ ಲೆಕ್ಕ ಸಿಗುತ್ತದೆ, ಹಸು ಯಾವಾಗ ಹುಷಾರು ತಪ್ಪಿತ್ತು ಅನ್ನುವುದೂ ಗೊತ್ತಾಗುತ್ತದೆ.

ಆಗಿನಿಂದ ನಾವು ಕೆಲವರು ಹೀಗೇ ಮಾಡುತ್ತಿದ್ದೇವೆ. ದಿನಕ್ಕೆ ಐದು ಸಾಲು, ಹೆಚ್ಚು ಬೇಡ. ಅದರಲ್ಲಿ ಒಂದಾದರೂ ಎಣಿಸಬಹುದಾದ ಸಂಗತಿ ಇರಬೇಕು: ಟೊಮೆಟೊ ಬಾಕ್ಸಿನ ದರ, ಬಸ್ಸು ಬಂದ ಗಂಟೆ, ನರೇಗಾ ಕೆಲಸಕ್ಕೆ ಬಂದವರೆಷ್ಟು, ಶಾಲೆಯಲ್ಲಿ ಮಕ್ಕಳೆಷ್ಟು. ಒಂದು ಸಾಲು ಯಾರಾದರೂ ಆಡಿದ ಮಾತು, ಅವರ ಬಾಯಲ್ಲಿ ಬಂದ ಹಾಗೇ, ಅಕ್ಕಿಯನ್ನು ಹಕ್ಕಿ ಮಾಡದೆ, ಹಕ್ಕಿಯನ್ನು ಅಕ್ಕಿ ಅಂದರೆ ಅದನ್ನೂ ಹಾಗೇ. ಕಣ್ಣಾರೆ ನೋಡಿದ್ದು ಯಾವುದು, ಕೇಳಿದ್ದು ಯಾವುದು ಅಂತ ಬೇರೆ ಬೇರೆ ಬರೆಯುವುದು. ಬರೆದ ದಿನವೇ ತಿದ್ದುವಂತಿಲ್ಲ. ತಿದ್ದುವುದಕ್ಕೆ ಭಾನುವಾರ ಒಂದು ಗಂಟೆ ಇದೆ. ಡೆಸ್ಕ್‌ನಲ್ಲಿರುವವನು ರಾತ್ರಿ ಕ್ಯಾಬಿನಲ್ಲಿ ಮೊಬೈಲ್‌ಗೆ ಬಾಯಲ್ಲೇ ಹೇಳಿ ಟೈಪ್ ಮಾಡಿಸುತ್ತಾನೆ. ಅದು ಅರ್ಧ ತಪ್ಪು ಬರೆಯುತ್ತದೆ, ಇರಲಿ. ರೆಕಾರ್ಡ್ ಮಾಡಿದ್ದನ್ನು ಅದೇ ವಾರ ಇನ್ನೊಬ್ಬರಿಗೆ ಕಳಿಸಿಬಿಡುವುದು ಕೂಡ ನಿಯಮ. ಅದನ್ನು ಕಲಿಯಲು ನಾವು ಕೊಟ್ಟ ಬೆಲೆ ನಿಮಗೆ ಗೊತ್ತಾಯಿತು.

ತಪ್ಪಿದ ದಿನಕ್ಕೆ ಪ್ರಾಯಶ್ಚಿತ್ತ ಇಲ್ಲ. ಇದನ್ನು ಒತ್ತಿ ಹೇಳಬೇಕು. ಮಗುವಿಗೆ ಜ್ವರ ಬಂದ ವಾರ, ಕಳೆ ತೆಗೆಯುವ ವಾರ, ಮನೆಯಲ್ಲಿ ಸಾವಾದ ತಿಂಗಳು ಬರೆಯದೆ ಹೋದರೆ ಅದು ಸೋಲಲ್ಲ. ದಿನಾ ಬರೆಯಲೇಬೇಕು ಅನ್ನುವುದನ್ನೂ ಪರ್ಫೆಕ್ಟ್ ಆಗಿ ಮಾಡಲು ಹೊರಟು, ಮೂರು ದಿನ ತಪ್ಪಿದ್ದಕ್ಕೆ ಪೂರ್ತಿ ಕೈಬಿಟ್ಟ ಅನುಭವವೂ ನಮಗಿದೆ. ಖಾಲಿ ಬಿಟ್ಟು ಮುಂದಿನ ಸಾಲಿಗೆ ಹೋಗುವುದೇ ಅಭ್ಯಾಸ.

ಮತ್ತು ಒಂದು ಕೆಲಸ ಮನೆಯವರದ್ದು. ನಮ್ಮಲ್ಲಿ ಗಂಡುಮಕ್ಕಳಾದವರು ಹೆಂಡತಿಗೋ ತಂಗಿಗೋ ದಿನಕ್ಕೆ ಕಾಲು ಗಂಟೆ ಮಗು ಹಿಡಿದುಕೊಂಡು ಕೂತರೆ ಅದೂ ಸಾಹಿತ್ಯ ಸೇವೆಯೇ. ಭಾಷಣಕ್ಕಿಂತ ಅದರಿಂದ ಹೆಚ್ಚು ಪುಟ ಹುಟ್ಟುತ್ತದೆ.

ಹೋದ ತಿಂಗಳು ನಾವಿಬ್ಬರು ಮತ್ತೆ ಆ ನೀರಗಂಟಿ ಅಜ್ಜನ ಮನೆಗೆ ಹೋಗಿದ್ದೆವು. ತಡವಾಗಿದೆ ಅಂತ ಗೊತ್ತಿದ್ದೇ ಹೋದೆವು. ಅವರ ಸೊಸೆ ಕಾಫಿ ಕೊಟ್ಟು, 'ನಂಗೇನ್ ಗೊತ್ತು ಸೋಮಿ, ಅವ್ರು ಕೆರೆ ಮೇಲೇ ಇರೋರು, ಬುತ್ತಿ ತಗಂಡೋಗಿ ಕೊಡೋಳು ನಾನು' ಅಂದರು. ಬುತ್ತಿ ಕೊಡಲು ಹೋದಾಗ ಕಂಡದ್ದನ್ನು ಒಂದೊಂದಾಗಿ ಹೇಳಿದರು. ಕೆರೆ ತುಂಬಿದ ವರ್ಷ ಮಾವ ಮೂರು ರಾತ್ರಿ ಮನೆಗೆ ಬಂದಿರಲಿಲ್ಲವಂತೆ. ಅವರ ದೊಡ್ಡ ಮಗ ಆಗ ತೊಟ್ಟಿಲಲ್ಲಿದ್ದನಂತೆ, ಈಗ ಅವನಿಗೆ ಮದುವೆಯಾಗಿದೆ. ಇಸವಿ ಅವರಿಗೆ ನೆನಪಿಲ್ಲ. ಮಗನ ಶಾಲೆಯ ಸರ್ಟಿಫಿಕೇಟ್ ನೋಡಿದರೆ ಲೆಕ್ಕ ಸಿಗುತ್ತದೆ, ಮುಂದಿನ ಸಲ ತೆಗೆದಿಟ್ಟಿರುತ್ತೇನೆ ಅಂದಿದ್ದಾರೆ.

ವಾಪಸ್ ಬರುವ ಬಸ್ಸಿನಲ್ಲೇ ಐದು ಸಾಲು ಬರೆದೆವು. ಪೀಠಿಕೆ ಇನ್ನೂ ಇಲ್ಲ. ಮುಂದಿನ ಭಾನುವಾರ ಮತ್ತೆ ಹೋಗುತ್ತಿದ್ದೇವೆ.

ನಿಮ್ಮೂರಲ್ಲೂ ಇಂಥ ಒಂದು ಜಗುಲಿ ಇರುತ್ತದೆ. ಒಳ್ಳೆಯ ಆರಂಭ ಹೊಳೆಯುವವರೆಗೆ ಕಾಯಬೇಡಿ. ಇವತ್ತು ಮಲಗುವ ಮೊದಲು ತಾರೀಖು ಹಾಕಿ, ಕಂಡದ್ದು ಐದು ಸಾಲು ಬರೆದಿಡಿ. ಸಾಲು ಕುಂಟಲಿ, ತಾರೀಖು ಸರಿ ಇರಲಿ.